ಒಳಗಿದ್ದವರೆಲ್ಲ ಕಳ್ಳರಲ್ಲ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಶಾಲಾ ಮಕ್ಕಳು ಪ್ರವಾಸ ಹೊರಟರೆ ವಿಜಯಪುರದ ಗೋಲಗುಮ್ಮಟ ತಪ್ಪುವುದಿಲ್ಲ. ಅದೇ ಊರಿನಲ್ಲಿ ಆದಿಲಶಾಹಿ ಕಾಲದ ಇನ್ನೊಂದು ಕಟ್ಟಡವುಂಟು. ಯಾವ ಮಾಸ್ತರರೂ ಅದನ್ನು ತೋರಿಸುವುದಿಲ್ಲ. ಅದೇ ದರ್ಗಾ ಜೈಲು.

1640ರ ಸುಮಾರಿಗೆ ಮುಸ್ತಫಾ ಖಾನ ಅದನ್ನು ಕಟ್ಟಿಸಿದ್ದು ಸರಾಯ್ ಎಂದು. ಸರಾಯ್ ಎಂದರೆ ಕುಡಿಯುವ ಸಾರಾಯಿ ಅಲ್ಲ. ದಾರಿಹೋಕರು ತಂಗುವ ಛತ್ರ! ಕಳ್ಳರು ಒಳಗೆ ಬಾರದಿರಲೆಂದು ಸರಾಯ್‌ಗಳಿಗೆ ಎತ್ತರದ ಗೋಡೆ ಇರುತ್ತಿತ್ತು. ಬ್ರಿಟಿಷರ ಕಾಲದಲ್ಲಿ ಅದು ಸೆರೆಮನೆಯಾಯಿತು. ಕಳ್ಳರನ್ನು ಹೊರಗಿಡುವ ಗೋಡೆ ಕಳ್ಳರನ್ನು ಒಳಗಿಡಲು ಒದಗಿತು. 1997ರ ಆಗಸ್ಟ್ 15ರಂದು ಬಾಗಲಕೋಟೆ ಜಿಲ್ಲೆ ಹುಟ್ಟುವವರೆಗೆ ನಮ್ಮ ಊರುಗಳೆಲ್ಲ ಆ ಜಿಲ್ಲೆಯವೇ.

ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ಮೂಸ್ ಲೇಕ್ ಎಂಬ ಊರಿದೆ. ಅಲ್ಲಿ 1938ರಲ್ಲಿ ತೆರೆದ ಮನೋರೋಗಿಗಳ ಆಸ್ಪತ್ರೆಯ ಆವರಣ ಈಗ ಗಂಡಸರ ಸೆರೆಮನೆಯಾಗಿದೆ. ಅದು ಮಧ್ಯಮ ಭದ್ರತೆಯದು.

ಛತ್ರ, ಆಸ್ಪತ್ರೆ, ಸೆರೆಮನೆ ಮೂರೂ ಬಂದವರು ಒಂದು ದಿನ ಹೊರಡುವ ಜಾಗಗಳೇ. ರೋಗಿಯನ್ನು ‘ಯಾವಾಗ ಮನೆಗೆ?’ ಎಂದು ಕೇಳುತ್ತೇವೆ. ಕೈದಿಯನ್ನು ಮಾತ್ರ ಕೇಳುವುದಿಲ್ಲ. ಅವನು ಅಪರಾಧಿ ಎಂದು ನಾವೇ ತೀರ್ಪು ಕೊಟ್ಟಿರುತ್ತೇವೆ.

ಲೆಕ್ಕ ಬೇರೆಯೇ ಹೇಳುತ್ತದೆ. 2022ರ ಕೊನೆಗೆ ದೇಶದ ಸೆರೆಮನೆಗಳಲ್ಲಿದ್ದ ಪ್ರತಿ ನಾಲ್ವರಲ್ಲಿ ಮೂವರು ವಿಚಾರಣಾಧೀನರು. ಅಂದರೆ ಅವರ ತಪ್ಪು ಇನ್ನೂ ಸಾಬೀತಾಗಿರಲಿಲ್ಲ. ಜಾಮೀನು ಸಿಕ್ಕರೂ ಭದ್ರತೆ ಒದಗಿಸಲಾಗದೆ ಉಳಿದ ಬಡವರೂ ಇಂಥವರಲ್ಲಿರುತ್ತಾರೆ.

ಪಾಲಕರು ಇದನ್ನು ತಿಳಿದಿರಬೇಕು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಬಂಧನದಲ್ಲಿರುವವರಿಗೆ ಉಚಿತವಾಗಿ ವಕೀಲರ ನೆರವು ಸಿಗುತ್ತದೆ. ಅದು ದಯೆಯಲ್ಲ, ಹಕ್ಕು. ದೂರವಾಣಿ 15100. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಸಂಹಿತೆಯ 479ನೇ ಕಲಮು ಇನ್ನೊಂದು ದಾರಿ ತೋರಿಸಿದೆ. ಹಿಂದೆಂದೂ ಶಿಕ್ಷೆಯಾಗದವನು ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗದಷ್ಟು ಕಾಲ ಒಳಗಿದ್ದರೆ ಅವನನ್ನು ಬಿಡುಗಡೆ ಮಾಡಬೇಕು. ಮರಣದಂಡನೆ, ಜೀವಾವಧಿಯ ಅಪರಾಧಗಳಿಗೆ ಇದು ಅನ್ವಯಿಸದು. ಹಲವು ಪ್ರಕರಣಗಳು ಬಾಕಿಯಿದ್ದವರಿಗೂ ಇಲ್ಲ.

ವಿದ್ಯಾರ್ಥಿಗಳಿಗೆ ಒಂದು ಮಾತು. ಒಳಗಿರುವವನ ಮಗನೋ ಮಗಳೋ ನಿಮ್ಮ ಬೆಂಚಿನಲ್ಲೇ ಕೂತಿರಬಹುದು. ‘ನಿಮ್ಮಪ್ಪ ಜೈಲಿಗೆ ಹೋದನಂತಲ್ಲ?’ ಎಂಬ ಒಂದು ಪ್ರಶ್ನೆ ಸಾಕು, ಆ ಮಗು ಮರುದಿನ ಶಾಲೆಗೆ ಬಾರದಿರಲು. ತಂದೆಯ ಮೊಕದ್ದಮೆ ನ್ಯಾಯಾಲಯದಲ್ಲಿ ನಡೆಯಲಿ. ಮಗುವಿನ ಮೇಲೆ ತರಗತಿಯಲ್ಲಿ ಇನ್ನೊಂದು ಮೊಕದ್ದಮೆ ಹೂಡುವುದು ಬೇಡ.