ಮ್ಯಾನ್ಷನ್ನಿನ ಕಸ ಯಾರದ್ದು?

ಚೆನ್ನೈನ ತ್ರಿಪ್ಲಿಕೇನಿನಲ್ಲಿ ‘ಮ್ಯಾನ್ಷನ್’ ಎಂದರೆ ಬಂಗಲೆಯಲ್ಲ. ಕೆಲಸ ಹುಡುಕಿ ಬಂದ ಗಂಡಸರು ಕೋಣೆಗೆ ಇಬ್ಬರು ಮೂವರಂತೆ ಇರುವ ಬಾಡಿಗೆ ಕಟ್ಟಡ. ಅಡುಗೆಮನೆ ಇಲ್ಲದ ಕಡೆ ಊಟ ಪಾರ್ಸೆಲ್ಲಿನಲ್ಲೇ ಬರಬೇಕು. ಸಾಂಬಾರಿನ ಕವರು, ಅನ್ನ ಮೆತ್ತಿದ ಎಲೆ, ಹಳೆಯ ಬ್ಲೇಡು ಎಲ್ಲ ಒಂದೇ ಬುಟ್ಟಿಗೆ.

ಹಸಿ, ಒಣ, ಅಪಾಯಕಾರಿ ಎಂದು ಕಸವನ್ನು ಮೂರಾಗಿ ಬೇರ್ಪಡಿಸಿ ಕೊಡಿ ಎಂದಿತು 2016ರ ಕೇಂದ್ರ ನಿಯಮ. 2019ರ ಜನವರಿ 1ರಿಂದ ತಮಿಳುನಾಡು ಬಳಸಿ ಎಸೆಯುವ ಪ್ಲಾಸ್ಟಿಕ್ಕನ್ನೂ ನಿಷೇಧಿಸಿತು. ಕಾಗದದ ಮೇಲೆ ನಿಯಮ ಎಲ್ಲರಿಗೂ ಒಂದೇ. ಆದರೆ ಅದರ ಕಲ್ಪನೆಯಲ್ಲಿರುವುದು ಅಡುಗೆಮನೆಯಿರುವ ಸಂಸಾರ, ಇಲ್ಲವೇ ದಿನಕ್ಕೆ 100 ಕಿಲೋ ಮೀರಿ ಕಸ ಹಾಕುವ ದೊಡ್ಡ ಸಂಸ್ಥೆ. ಮಂಚ ಹಾಕಿದರೆ ಕಾಲಿಡಲು ಜಾಗವಿಲ್ಲದ ಕೋಣೆಯಲ್ಲಿ ಮೂರು ಬುಟ್ಟಿ ಎಲ್ಲಿಡಬೇಕು?

‘ಶಿಸ್ತಿಲ್ಲದ ಹುಡುಗರು’ ಎಂದು ಬೈಯುವುದು ಸುಲಭ. ಬಾಡಿಗೆ ಎಣಿಸುವವರನ್ನು ಕೇಳುವುದು ಕಷ್ಟ. ಕೇಳಲೇಬೇಕು: ಪ್ರತಿ ಮಹಡಿಯಲ್ಲೂ ಮೂರು ಬುಟ್ಟಿ ಇಡುವುದು ಮಾಲೀಕರ ಹೊಣೆಯಾಗಲಿ, ಪರವಾನಗಿಗೆ ಅದೇ ಷರತ್ತಾಗಲಿ. ಪಾಲಿಕೆಯೂ ಬೇರ್ಪಡಿಸಿ ಕೊಟ್ಟದ್ದನ್ನು ಲಾರಿಯಲ್ಲಿ ಮತ್ತೆ ಬೆರೆಸದಿರಲಿ.

ಬೆರೆತ ಕಸ ದಶಕಗಳಿಂದ ಗುಡ್ಡೆಯಾದದ್ದು ಪೆರುಂಗುಡಿಯಲ್ಲಿ, ಪಳ್ಳಿಕರಣೈ ಜೌಗಿನ ಮಗ್ಗುಲಲ್ಲೇ. ಆ ಜೌಗು 2022ರಲ್ಲಿ ರಾಮ್ಸಾರ್ ಪಟ್ಟಿ ಸೇರಿತು. ಕಸ ಅಲ್ಲಿಗೆ ತಲುಪುವ ಮೊದಲೇ ಆ ಬ್ಲೇಡು ಸಿಗುವುದು ಪೌರಕಾರ್ಮಿಕರ ಬೆರಳಿಗೆ.