ಡ್ರೈವರ್ ಕಥೆಯೂ ದೇಶಪ್ರೇಮದ ಸರ್ಟಿಫಿಕೇಟೂ

ಸಿ.ಕೆ. ಜಾಫರ್ ಷರೀಫ್ ಅವರ ಹೆಸರು ಬಂದಾಗಲೆಲ್ಲ ನಮ್ಮ ಪತ್ರಿಕೆಗಳಿಗೆ ಮೊದಲು ನೆನಪಾಗುವುದು ಒಂದು ಕಾರು. 2018ರ ನವೆಂಬರ್ 25ರಂದು ಅವರು ತೀರಿಕೊಂಡಾಗಲೂ ಆ ಕಾರು ಮತ್ತೊಮ್ಮೆ ರಸ್ತೆಗಿಳಿಯಿತು. ಕಥೆ ಎಲ್ಲರಿಗೂ ಗೊತ್ತು. 1969ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಎಸ್. ನಿಜಲಿಂಗಪ್ಪನವರ ಕಾರನ್ನು ಚಳ್ಳಕೆರೆಯ ಈ ಹುಡುಗ ಓಡಿಸುತ್ತಿದ್ದನಂತೆ. ಹಿಂದಿನ ಸೀಟಿನಲ್ಲಿ ಹಿರಿಯ ನಾಯಕರು ಇಂದಿರಾ ಗಾಂಧಿಯವರ ವಿರುದ್ಧ ಮಸಲತ್ತು ನಡೆಸುತ್ತಿದ್ದರಂತೆ. ಹುಡುಗ ಕೇಳಿಸಿಕೊಂಡು ಹೋಗಿ ಇಂದಿರಾಗೆ ಹೇಳಿದನಂತೆ. ಅದಕ್ಕೆ ಸಿಕ್ಕ ಬಹುಮಾನವೇ ಲೋಕಸಭೆಯ ಟಿಕೆಟ್ಟಂತೆ.

ಇದರಲ್ಲಿ ನಿಜವೆಷ್ಟು, ಬಣ್ಣವೆಷ್ಟು ಎಂದು ಹೇಳಬಲ್ಲವರು ಈಗ ಯಾರೂ ಉಳಿದಿಲ್ಲ. ಆದರೆ ಕಥೆ ಬರೆಯುವುದನ್ನೇ ಕಸುಬು ಮಾಡಿಕೊಂಡ ನಮಗೆ, ಒಂದು ಕಥೆ ಯಾಕೆ ಸಾಯುವುದಿಲ್ಲ ಎಂಬುದು ಸ್ವಲ್ಪಮಟ್ಟಿಗೆ ಗೊತ್ತು. ಕೇಳುವವರಿಗೆ ಅದು ಬೇಕಾಗಿರುತ್ತದೆ, ಆದ್ದರಿಂದ ಅದು ಬದುಕುತ್ತದೆ. 1969ರಲ್ಲಿ ಇಡೀ ಕಾಂಗ್ರೆಸ್ ಪಕ್ಷವೇ ಎರಡಾಗಿ ಸೀಳಿತ್ತು. ಪ್ರತಿಯೊಬ್ಬ ಕಾರ್ಯಕರ್ತನೂ ಆ ಕಡೆಯೋ ಈ ಕಡೆಯೋ ನಿಲ್ಲಲೇಬೇಕಾಗಿತ್ತು. ದೇವರಾಜ ಅರಸರೂ ನಿಜಲಿಂಗಪ್ಪನವರನ್ನು ಬಿಟ್ಟು ಇಂದಿರಾ ಕಡೆ ನಿಂತರು. ಅರಸರದ್ದು ರಾಜಕೀಯ ಧೈರ್ಯ ಎನಿಸಿಕೊಂಡಿತು, ಷರೀಫರದ್ದು ಚಾಡಿ ಎನಿಸಿಕೊಂಡಿತು. ಒಂದೇ ವರ್ಷ, ಒಂದೇ ಪಕ್ಷ, ಒಂದೇ ಆಯ್ಕೆ. ಎರಡು ಹೆಸರು ಯಾಕೆ? ಒಬ್ಬ ಬಡ ಮುಸ್ಲಿಮನಿಗೆ ತನ್ನದೇ ಆದ ರಾಜಕೀಯ ಅಭಿಪ್ರಾಯವಿರಬಹುದು ಎಂದು ಒಪ್ಪುವುದಕ್ಕಿಂತ, ಅವನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡ ಎಂದು ನಂಬುವುದು ಬಹಳ ಜನರಿಗೆ ಸುಲಭವಾಗಿ ಕಂಡಿದೆ. ಇನ್ನು ಡ್ರೈವರ್ ಕೆಲಸವೇನು ಹರಾಮಿನ ಕೆಲಸವೇ? ಸ್ಟೇರಿಂಗ್ ಹಿಡಿದು ಮನೆ ನಡೆಸುವವರು ನಮ್ಮ ಪ್ರತಿಯೊಂದು ಮೊಹಲ್ಲಾದಲ್ಲೂ ಇದ್ದಾರೆ. ಅವರನ್ನು ಅವಮಾನಿಸದೆ ಈ ಕಥೆಯನ್ನು ನಗುನಗುತ್ತಾ ಹೇಳಲು ಬರುವುದಿಲ್ಲ ಎಂಬುದನ್ನೂ ಹೇಳುವವರು ಯೋಚಿಸಿದಂತಿಲ್ಲ.

ಕಾರಿನಿಂದ ಇಳಿದು ಮತಪೆಟ್ಟಿಗೆಯ ಕಡೆ ಬರೋಣ. 1971ರಲ್ಲಿ ಷರೀಫ್ ಸಾಹೇಬರು ಗೆದ್ದದ್ದು ಕನಕಪುರದಿಂದ. ಅಲ್ಲಿ ಮುಸ್ಲಿಮರು ಎಷ್ಟು, ಒಕ್ಕಲಿಗರು ಎಷ್ಟು ಎಂಬುದನ್ನು ಆ ಸೀಮೆಯವರಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ. 1977ರಲ್ಲಿ ಬೆಂಗಳೂರು ಉತ್ತರಕ್ಕೆ ಬಂದರು. ರಾಯಬರೇಲಿಯಲ್ಲಿ ಇಂದಿರಾ ಗಾಂಧಿಯವರೇ ಸೋತ ವರ್ಷ ಅದು. ಅಲ್ಲಿಂದ 1980, 1984, 1989, 1991, ಮತ್ತೆ 1998, 1999. ಕನಕಪುರವನ್ನೂ ಸೇರಿಸಿದರೆ ಒಟ್ಟು ಎಂಟು ಸಲ. ಬೆಂಗಳೂರು ಉತ್ತರವೂ ಮುಸ್ಲಿಮರೇ ಹೆಚ್ಚಾಗಿರುವ ಕ್ಷೇತ್ರವಲ್ಲ. ಅಂದರೆ ಈ ನಾಡಿನ ಒಕ್ಕಲಿಗ, ಲಿಂಗಾಯತ, ದಲಿತ, ಕುರುಬ, ತಮಿಳು, ತೆಲುಗು ಮತದಾರರು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಒಬ್ಬ ಜಾಫರ್ ಷರೀಫನಿಗೆ ಮೂರು ದಶಕ ಓಟು ಹಾಕಿದ್ದಾರೆ. ಆ ಓಟು ಹಾಕಿದ್ದರಿಂದ ಯಾರ ಧರ್ಮವೂ ಕೆಡಲಿಲ್ಲ. ಈ ಒಂದು ಸಂಗತಿಯನ್ನು ಕಾರಿನ ಕಥೆ ಹೇಳುವಷ್ಟು ಉತ್ಸಾಹದಿಂದ ಯಾರೂ ಹೇಳುವುದಿಲ್ಲ.

ಈ ಮತದಾರರಿಗೆ ಅವರು ಏನು ಕೊಟ್ಟರು ಎಂಬುದು ನೆಲದ ಮೇಲೆಯೇ ಇದೆ, ಹೋಗಿ ನೋಡಬಹುದು. 1980ರಿಂದ ರೈಲ್ವೆಯ ರಾಜ್ಯ ಸಚಿವರಾಗಿದ್ದಾಗ ಯಲಹಂಕದಲ್ಲಿ ಗಾಲಿ ಮತ್ತು ಅಚ್ಚುಗಳ ಕಾರ್ಖಾನೆ ಎದ್ದು ನಿಂತು 1984ರಲ್ಲಿ ಉದ್ಘಾಟನೆಯಾಯಿತು. ಅದಕ್ಕೆ ಮೊದಲು ನಮ್ಮ ರೈಲುಗಳಿಗೆ ಬೇಕಾದ ಗಾಲಿಗಳನ್ನು ದೊಡ್ಡ ಪ್ರಮಾಣದಲ್ಲಿ ಹೊರದೇಶಗಳಿಂದ ತರಿಸಬೇಕಾಗಿತ್ತು. 1991ರಲ್ಲಿ ಸಂಪುಟ ದರ್ಜೆಯ ರೈಲ್ವೆ ಸಚಿವರಾದ ಮೇಲೆ, 1992ರ ಏಪ್ರಿಲ್‌ನಿಂದ ದೇಶಕ್ಕೆಲ್ಲ ಒಂದೇ ಅಳತೆಯ ಹಳಿ ಎಂಬ ಯೋಜನೆ ಶುರುವಾಯಿತು. ಮೀಟರ್ ಗೇಜ್ ಎಂದರೆ ಒಂದು ಮೀಟರ್ ಅಗಲ. ಬ್ರಾಡ್ ಗೇಜ್ ಎಂದರೆ 1676 ಮಿಲಿಮೀಟರ್. ಕೇಳಿದರೆ ಇದೇನು ಮಹಾ ಅನ್ನಿಸುತ್ತದೆ. ಆದರೆ ಮದರಾಸಿನಿಂದ ಅಗಲ ಹಳಿಯ ಮೇಲೆ ಬಂದ ಗಾಡಿ ಬೆಂಗಳೂರಿಗೆ ನಿಲ್ಲುತ್ತಿತ್ತು. ಅಲ್ಲಿಂದ ಮೈಸೂರಿಗೆ, ಹುಬ್ಬಳ್ಳಿಗೆ ಹೋಗಬೇಕಾದ ಮೂಟೆಯನ್ನು ಹಮಾಲರು ಒಂದು ವ್ಯಾಗನ್‌ನಿಂದ ಇಳಿಸಿ ಮತ್ತೊಂದಕ್ಕೆ ಏರಿಸಬೇಕಿತ್ತು. ಜನರೂ ಹಾಗೆಯೇ, ಗಂಟುಮೂಟೆ, ಮಕ್ಕಳುಮರಿ ಹೊತ್ತು ಗಾಡಿ ಬದಲಿಸಬೇಕಿತ್ತು. ಹಳೆಯ ಮೈಸೂರು ಸೀಮೆ, ಉತ್ತರ ಕರ್ನಾಟಕದ ಬಹುಭಾಗ ದೇಶದ ದೊಡ್ಡ ಹಳಿಗಳಿಂದ ಹೀಗೆ ಅರ್ಧ ಮೀಟರಿಗೂ ಹೆಚ್ಚು ದೂರ ಉಳಿದಿತ್ತು. ಹಣವಿಲ್ಲ, ಇದಕ್ಕಿಂತ ಜರೂರಾದ ಕೆಲಸಗಳಿವೆ ಎಂದು ರೈಲ್ವೆಯ ಒಳಗಿನಿಂದಲೇ ವಿರೋಧ ಬಂತು. ಷರೀಫರು ಜಗ್ಗಲಿಲ್ಲ. ಎಂಟನೇ ಪಂಚವಾರ್ಷಿಕ ಯೋಜನೆಯ ಐದು ವರ್ಷಗಳಲ್ಲಿ ದೇಶದಾದ್ಯಂತ 6000 ಕಿಲೋಮೀಟರಿಗೂ ಹೆಚ್ಚು ಹಳಿ ಬದಲಾಯಿತು. ತೊಂದರೆಯೂ ಆಯಿತೆನ್ನಿ. ಹಾಸನ-ಮಂಗಳೂರು ದಾರಿಯನ್ನು 1996ರಲ್ಲಿ ಮುಚ್ಚಿದ ಮೇಲೆ ಪ್ರಯಾಣಿಕರ ಗಾಡಿ ಮತ್ತೆ ಘಾಟಿ ಇಳಿದದ್ದು 2007ರ ಕೊನೆಯಲ್ಲಿ. ಅಷ್ಟರಲ್ಲಿ ಅವರ ನಂತರ ಎಷ್ಟೋ ರೈಲ್ವೆ ಮಂತ್ರಿಗಳು ಬಂದು ಹೋಗಿದ್ದರು.

ಈಗ ನಮ್ಮವರ ತಕ್ಕಡಿಗೆ ಬರೋಣ. ಚಹಾದಂಗಡಿಯಲ್ಲಿ, ಮಸೀದಿಯ ಅಂಗಳದಲ್ಲಿ ಷರೀಫರ ಮಾತು ಬಂದರೆ ಇವತ್ತಿಗೂ ಕೇಳುವ ಪ್ರಶ್ನೆ ಒಂದೇ: ‘ಹಮ್ನಾ ಕ್ಯಾ ಕರೇ?’ ನಮಗೇನು ಮಾಡಿದರು? ಹಾಗಾದರೆ ಮೈಸೂರಿನಿಂದ ನೇರವಾಗಿ ಮದರಾಸಿಗೆ ಹೋಗುವ ಗಾಡಿಯಲ್ಲಿ ರೇಷ್ಮೆ ವ್ಯಾಪಾರದ ರಾಮನಗರದ ಸಾಬರು ಕೂರುವುದಿಲ್ಲವೇ? ಯಲಹಂಕದ ಗಾಲಿ ಉರುಳುವಾಗ ಮೇಲೆ ಕೂತವನ ಟೋಪಿ ನೋಡುತ್ತದೆಯೇ? ಮುಸ್ಲಿಂ ಸಂಸದ ಎಂದರೆ ಮುಸ್ಲಿಮರ ಪಾಲನ್ನು ಗಂಟು ಕಟ್ಟಿ ತರುವ ಏಜೆಂಟ್ ಎಂದು ನಾವೇ ತಿಳಿದುಕೊಂಡರೆ, ‘ಇವರು ಗೆದ್ದರೆ ತಮ್ಮವರಿಗೆ ಮಾತ್ರ ಮಾಡುತ್ತಾರೆ’ ಎಂದು ಚುನಾವಣೆಯಲ್ಲಿ ಭಾಷಣ ಮಾಡುವವರಿಗೂ ನಮಗೂ ವ್ಯತ್ಯಾಸವೇನು?

ಇನ್ನೊಂದು ತಕ್ಕಡಿ ಇದೆ. ಅದನ್ನು ಹಿಡಿದವರು ಬಹಳ ಸಜ್ಜನರು. ಅವರು ಹೇಳುವುದು: ‘ಷರೀಫರು ಎಂದೂ ತಮ್ಮ ಜನಾಂಗಕ್ಕೆಂದು ಏನೂ ಮಾಡಲಿಲ್ಲ. ನಿಜವಾದ ರಾಷ್ಟ್ರೀಯವಾದಿ ಮುಸ್ಲಿಂ.’ ಬೇರೆ ಯಾವ ಸಂಸದನನ್ನು ಹೀಗೆ ಹೊಗಳುತ್ತಾರೆ? ತಮ್ಮ ಜಾತಿಯ ಮಠಕ್ಕೆ, ತಮ್ಮ ಜಾತಿಯ ವಿದ್ಯಾರ್ಥಿ ನಿಲಯಕ್ಕೆ ಅನುದಾನ ಕೊಡದ ಮಂತ್ರಿಯನ್ನು ‘ನಿಜವಾದ ರಾಷ್ಟ್ರೀಯವಾದಿ’ ಎಂದು ಕರೆದದ್ದನ್ನು ನಾವಂತೂ ಕೇಳಿಲ್ಲ. ಮುಸ್ಲಿಮನಾದರೆ ಮಾತ್ರ ತನ್ನವರಿಗೆ ಏನೂ ಮಾಡದಿರುವುದೇ ಅರ್ಹತೆ. ಒಂದು ತಕ್ಕಡಿಯಲ್ಲಿ ಕೌಮಿಗೆ ಕಡಿಮೆ ತೂಗಿದರು, ಇನ್ನೊಂದರಲ್ಲಿ ಕೌಮಿಗೆ ಕಡಿಮೆ ತೂಗಿದ್ದರಿಂದಲೇ ಒಳ್ಳೆಯವರಾದರು. ಎರಡರಲ್ಲೂ ತೂಕದ ಕಲ್ಲು ಒಂದೇ.

ಹಾಗೆಂದು ಷರೀಫರನ್ನು ಪ್ರಶ್ನೆಯೇ ಕೇಳಬಾರದು ಎನ್ನುವವರು ನಾವಲ್ಲ. ಕೇಳಬೇಕಾದ ಪ್ರಶ್ನೆಗಳು ಬೇರೆ ಇದ್ದವು.

1992ರ ಡಿಸೆಂಬರ್ 6ರಂದು ಬಾಬರಿ ಮಸೀದಿ ಉರುಳಿದಾಗ ಅವರು ನರಸಿಂಹರಾಯರ ಸಂಪುಟದಲ್ಲಿದ್ದರು. 1995ರ ಅಕ್ಟೋಬರ್‌ವರೆಗೂ ಇದ್ದರು. ಸಂವಿಧಾನದ ಮೇಲೆ ಪ್ರಮಾಣ ಮಾಡಿದ ಸರ್ಕಾರವೊಂದು ಸುಪ್ರೀಂ ಕೋರ್ಟಿಗೆ ಕೊಟ್ಟ ಭರವಸೆ ಹಾಡಹಗಲಲ್ಲಿ ಮಣ್ಣುಪಾಲಾಗುವುದನ್ನು ನೋಡುತ್ತ ಕೂತಿತು. ರಾಜೀನಾಮೆ ಕೊಡಬೇಕಾದದ್ದು ಷರೀಫರು ಮಾತ್ರವಲ್ಲ, ಅಲ್ಲಿದ್ದ ಎಲ್ಲರೂ. ಅವರು ಮುಸ್ಲಿಮರೆಂದು ಅವರೊಬ್ಬರ ಕಾಲರ್ ಹಿಡಿಯುವುದು ಅನ್ಯಾಯ. ಆದರೆ ಅಷ್ಟು ವರ್ಷ ಇಂದಿರಾ, ರಾಜೀವ್, ರಾವ್ ಅವರ ಹತ್ತಿರದಲ್ಲಿದ್ದ ಮನುಷ್ಯ ಆ ದಿನ ಕುರ್ಚಿಯಿಂದ ಎದ್ದಿದ್ದರೆ, ಅದು ಮಸೀದಿಗಾಗಿ ಎದ್ದಂತೆ ಆಗುತ್ತಿರಲಿಲ್ಲ, ಪ್ರಮಾಣವಚನಕ್ಕಾಗಿ ಎದ್ದಂತೆ ಆಗುತ್ತಿತ್ತು. ಅವರು ಏಳಲಿಲ್ಲ.

1994ರ ಅಕ್ಟೋಬರ್ ಅವರದೇ ಊರಿನದು. ಬೆಂಗಳೂರು ದೂರದರ್ಶನದಲ್ಲಿ ಹತ್ತು ನಿಮಿಷದ ಉರ್ದು ವಾರ್ತೆ ಶುರುವಾಯಿತು. ವಿಧಾನಸಭೆ ಚುನಾವಣೆ ಎದುರಿಗಿತ್ತು. ಉರ್ದುವಿನಲ್ಲೂ ಕನ್ನಡದಲ್ಲೂ ಅಕ್ಷರ ಕಲಿತ ನಮ್ಮಂಥವರಿಗೆ ಉರ್ದು ಕೇಳಿದರೆ ಸಂತೋಷವೇ. ಆದರೆ ಮೊಹಲ್ಲಾದ ಜನ ಕೇಳಿದ್ದು ನಲ್ಲಿಯಲ್ಲಿ ನೀರು, ಶಾಲೆಗೆ ಮೇಷ್ಟರು, ಬ್ಯಾಂಕಿನಲ್ಲಿ ಸಾಲ. ಸಿಕ್ಕಿದ್ದು ಹತ್ತು ನಿಮಿಷದ ವಾರ್ತೆ. ಅದರ ಬೆಲೆಯಾಗಿ ಇಪ್ಪತ್ತಕ್ಕೂ ಹೆಚ್ಚು ಜನ ಬೀದಿಯಲ್ಲಿ ಸತ್ತರು. ವಾರ್ತೆಯೂ ನಿಂತುಹೋಯಿತು. ಉರ್ದುವಿಗೂ ಕನ್ನಡಕ್ಕೂ ನಡುವೆ ಇಲ್ಲದ ಒಂದು ಗೋಡೆ ಎದ್ದಿತು, ಅದರ ಇಟ್ಟಿಗೆಗಳನ್ನು ಒಂದೊಂದಾಗಿ ಕೀಳಲು ಎರಡೂ ಭಾಷೆಯ ಬರಹಗಾರರು ಎಷ್ಟೋ ವರ್ಷ ಬೆವರು ಸುರಿಸಬೇಕಾಯಿತು. ರಾಜ್ಯದಲ್ಲಿ ಕಾಂಗ್ರೆಸ್, ಕೇಂದ್ರದಲ್ಲಿ ಕಾಂಗ್ರೆಸ್, ನಗರದ ಸಂಸದ ಕೇಂದ್ರ ಸಂಪುಟದಲ್ಲಿ. ದೆಹಲಿಯಲ್ಲಿ ನಮ್ಮವರೊಬ್ಬರು ಕೂತಿದ್ದರೆ ನಮಗೆ ರಕ್ಷಣೆ ಎಂಬ ನಂಬಿಕೆ ಎಷ್ಟು ಪೊಳ್ಳು ಎಂದು ಆ ವಾರ ಬೆಂಗಳೂರಿನ ಬಡ ಮುಸ್ಲಿಮನಿಗೆ ತಿಳಿಯಿತು.

1995ರ ಆಗಸ್ಟ್ 20ರಂದು ಫಿರೋಜಾಬಾದಿನ ಬಳಿ ನಿಂತಿದ್ದ ಕಾಳಿಂದಿ ಎಕ್ಸ್‌ಪ್ರೆಸ್‌ಗೆ ಹಿಂದಿನಿಂದ ಬಂದ ಪುರುಷೋತ್ತಮ ಎಕ್ಸ್‌ಪ್ರೆಸ್ ಅಪ್ಪಳಿಸಿ 300ಕ್ಕೂ ಹೆಚ್ಚು ಜನ ಸತ್ತರು. 1956ರಲ್ಲಿ ಅರಿಯಲೂರಿನ ಅಪಘಾತಕ್ಕೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಹೊಣೆ ಹೊತ್ತು ಅದೇ ಖಾತೆಯನ್ನು ಬಿಟ್ಟಿದ್ದರು. ಇದು ರೈಲ್ವೆ ಮಂತ್ರಿಗೆ ಕೇಳಬೇಕಾದ ಪ್ರಶ್ನೆ. ಇದನ್ನು ನಮ್ಮ ಯಾವ ಚಹಾದಂಗಡಿಯಲ್ಲೂ ಯಾರೂ ಕೇಳಿದ್ದು ನಮಗೆ ನೆನಪಿಲ್ಲ. ಸತ್ತವರಿಗಿಂತ ನಮ್ಮ ಪಾಲು ದೊಡ್ಡದಾಗಿತ್ತೇ?

ಅವರ ಮೇಲಿನ ಲಂಡನ್ ಪ್ರವಾಸದ ಮೊಕದ್ದಮೆಯನ್ನು ಮಾತ್ರ ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. 1995ರಲ್ಲಿ ಚಿಕಿತ್ಸೆಗೆ ಹೋದಾಗ ರೈಲ್ವೆಗೆ ಸೇರಿದ ಸಂಸ್ಥೆಗಳ ಖರ್ಚಿನಲ್ಲಿ ನಾಲ್ವರನ್ನು ಕರೆಸಿಕೊಂಡರೆಂದು 1998ರಲ್ಲಿ ಸಿಬಿಐ ಪ್ರಕರಣ ದಾಖಲಿಸಿತು. 2012ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಅಪ್ರಾಮಾಣಿಕ ಉದ್ದೇಶ ಕಾಣುವುದಿಲ್ಲ ಎಂದಿತು. ಆಪಾದನೆ ಮುಖಪುಟದಲ್ಲಿ ಬಂದಿತ್ತು. ತೀರ್ಪು ಬರುವ ಹೊತ್ತಿಗೆ ಅವರಿಗೆ ಎಪ್ಪತ್ತೊಂಬತ್ತು ತುಂಬಿತ್ತು.

ನಮಗೆ ಎಲ್ಲಕ್ಕಿಂತ ನೋವು ತಂದದ್ದು 2017ರ ಪತ್ರ. ರಾಷ್ಟ್ರಪತಿ ಹುದ್ದೆಗೆ ಆರೆಸ್ಸೆಸ್ ಮುಖ್ಯಸ್ಥ ಮೋಹನ್ ಭಾಗವತರ ಹೆಸರನ್ನು ಪರಿಗಣಿಸಬಹುದೆಂದು, ಅವರ ದೇಶಪ್ರೇಮದ ಬಗ್ಗೆ ಅನುಮಾನವಿಲ್ಲವೆಂದು ಪ್ರಧಾನಿ ಮೋದಿಯವರಿಗೆ ಷರೀಫರು ಬರೆದರು. ವಯಸ್ಸಾಯಿತು, ಬಿಡಿ ಎಂದರು ಕೆಲವರು. ಪಕ್ಷದ ಮೇಲಿನ ಸಿಟ್ಟು ಎಂದರು ಇನ್ನು ಕೆಲವರು. ಎರಡೂ ಇರಬಹುದು. ಆದರೆ ಐವತ್ತು ವರ್ಷ ಈ ದೇಶದ ರಾಜಕಾರಣದಲ್ಲಿದ್ದು, ಹಳಿಯನ್ನೇ ಬದಲಿಸಿದ ಮನುಷ್ಯ, ಎಂಬತ್ತಮೂರನೇ ವಯಸ್ಸಿನಲ್ಲಿ ಇನ್ನೊಬ್ಬರಿಗೆ ದೇಶಪ್ರೇಮದ ಸರ್ಟಿಫಿಕೇಟ್ ಬರೆಯಲು ಕೂರುತ್ತಾನೆಂದರೆ, ಅದೇ ಸರ್ಟಿಫಿಕೇಟಿಗಾಗಿ ತಾನು ಜೀವನವಿಡೀ ಸಾಲಿನಲ್ಲಿ ನಿಂತಿದ್ದ ಸುಸ್ತು ಅದರಲ್ಲಿ ಇಲ್ಲವೇ? ಆ ಪತ್ರವನ್ನು ನಾವು ಒಪ್ಪುವುದಿಲ್ಲ. ‘ರಾಷ್ಟ್ರೀಯವಾದಿ ಮುಸ್ಲಿಂ’ ಎಂದು ಬೆನ್ನು ತಟ್ಟಿದ ಸಜ್ಜನರು ಆ ಪತ್ರದ ಅರ್ಧ ಭಾಗವನ್ನು ತಾವೇ ಬರೆಸಿದ್ದಾರೆ ಎಂಬುದನ್ನೂ ಮರೆಯುವುದಿಲ್ಲ.

ಸೋಲುಗಳ ಲೆಕ್ಕದಲ್ಲಿ ಒಂದು ಕುಚೋದ್ಯವಿದೆ. 2004ರಲ್ಲಿ ಅವರನ್ನು ಸೋಲಿಸಿದ್ದು ಬಿಜೆಪಿಯ ಎಚ್.ಟಿ. ಸಾಂಗ್ಲಿಯಾನ. ಅವರೂ ಅಲ್ಪಸಂಖ್ಯಾತರೇ, ಕ್ರೈಸ್ತರು. 2008ರಲ್ಲಿ ಯುಪಿಎ ಸರ್ಕಾರದ ಪರ ಮತ ಹಾಕಿ ಬಿಜೆಪಿಯಿಂದ ಹೊರಬಿದ್ದು ಮುಂದೆ ಕಾಂಗ್ರೆಸ್ಸಿನ ಅಭ್ಯರ್ಥಿಯಾದರು. 2009ರಲ್ಲಿ ಸೋಲಿಸಿದ್ದು ಡಿ.ಬಿ. ಚಂದ್ರೇಗೌಡರು. 1978ರಲ್ಲಿ ಇಂದಿರಾ ಗಾಂಧಿಗಾಗಿ ಚಿಕ್ಕಮಗಳೂರನ್ನು ಬಿಟ್ಟುಕೊಟ್ಟವರು ಬಿಜೆಪಿಯ ಟಿಕೆಟ್ಟಿನಲ್ಲಿ ನಿಂತು ಇಂದಿರಾ ನಿಷ್ಠನನ್ನು ಮನೆಗೆ ಕಳಿಸಿದರು. ಆ ಹೊತ್ತಿಗೆ ಕ್ಷೇತ್ರ ಮರುವಿಂಗಡಣೆಯಾಗಿ ಶಿವಾಜಿನಗರ ಬೆಂಗಳೂರು ಕೇಂದ್ರಕ್ಕೆ ಹೋಗಿತ್ತು. ಇಷ್ಟೆಲ್ಲ ಪಕ್ಷಾಂತರ, ಗೆರೆ ಬದಲಾವಣೆಗಳ ನಡುವೆ ಆದ ಸೋಲನ್ನು ಕೊನೆಗೆ ಒಂದೇ ಮಾತಿನಲ್ಲಿ ಮುಗಿಸಿದರು: ಮುಸ್ಲಿಂ ಇನ್ನು ಗೆಲ್ಲುವುದಿಲ್ಲ.

ಷರೀಫರೂ ಆ ಮಾತನ್ನು ಸುಳ್ಳು ಮಾಡಬಲ್ಲ ಹುಡುಗರನ್ನು ಬೆಳೆಸಲಿಲ್ಲ. ಹೆಬ್ಬಾಳದ 2016ರ ಉಪಚುನಾವಣೆಯಲ್ಲಿ ಅಭ್ಯರ್ಥಿಯಾದವರು ಅವರ ಮೊಮ್ಮಗ, ಸೋತರು. ಡ್ರೈವರ್ ಎಂದು ಹೀಯಾಳಿಸಿಕೊಂಡು ಮೇಲೆ ಬಂದವರು, ಇನ್ನೊಬ್ಬ ಡ್ರೈವರನ ಮಗನನ್ನು ಕೈಹಿಡಿದು ತರಬಹುದಿತ್ತು. ಗೌಡರ ಮನೆಗಳಲ್ಲಿ, ಖರ್ಗೆಯವರ ಮನೆಯಲ್ಲಿ ನಡೆಯುವುದು ಇಲ್ಲಿ ಮಾತ್ರ ತಪ್ಪೇ ಎಂದು ಕೇಳುವವರಿದ್ದಾರೆ. ಎಲ್ಲೆಡೆಯೂ ತಪ್ಪೇ. ಆದರೆ ಹತ್ತು ಬಾಗಿಲಿರುವ ಮನೆಯಲ್ಲಿ ಒಂದಕ್ಕೆ ಬೀಗ ಹಾಕುವುದಕ್ಕೂ, ಒಂದೇ ಬಾಗಿಲಿರುವ ಮನೆಯಲ್ಲಿ ಬೀಗ ಹಾಕುವುದಕ್ಕೂ ವ್ಯತ್ಯಾಸವಿದೆ.

2009ರಿಂದ ಈಚೆಗೆ ನಡೆದ ನಾಲ್ಕು ಚುನಾವಣೆಗಳಲ್ಲಿ ಕರ್ನಾಟಕದಿಂದ ಲೋಕಸಭೆಗೆ ಒಬ್ಬ ಮುಸ್ಲಿಮನೂ ಹೋಗಿಲ್ಲ. ಗುಲ್ಬರ್ಗದಿಂದ ಇಕ್ಬಾಲ್ ಅಹ್ಮದ್ ಸರಡಗಿ 2004ರಲ್ಲಿ ಗೆದ್ದದ್ದೇ ಕೊನೆ. 2011ರ ಜನಗಣತಿಯಂತೆ ರಾಜ್ಯದಲ್ಲಿ ನೂರಕ್ಕೆ ಸುಮಾರು ಹದಿಮೂರು ಜನ ನಾವಿದ್ದೇವೆ. 2024ರಲ್ಲಿ ಕಾಂಗ್ರೆಸ್ 28 ಕ್ಷೇತ್ರಗಳಲ್ಲಿ ಒಂದರಲ್ಲಿ, ಬೆಂಗಳೂರು ಕೇಂದ್ರದಲ್ಲಿ, ಮನ್ಸೂರ್ ಅಲಿ ಖಾನ್ ಅವರನ್ನು ನಿಲ್ಲಿಸಿತು. ಅವರು 32,707 ಮತಗಳಿಂದ ಸೋತರು. ನೋಡಿದಿರಾ, ನಾವು ಹೇಳಿರಲಿಲ್ಲವೇ ಎಂದು ಪಕ್ಷದ ಕಚೇರಿಯಿಂದಲೇ ಮಾತು ಹೊರಟಿತು. ಅದೇ ಚುನಾವಣೆಯಲ್ಲಿ ಕಾಂಗ್ರೆಸ್ 19 ಕಡೆ ಸೋತಿದೆ. ಬೆಂಗಳೂರಿನ ಉಳಿದ ಮೂರು ಕ್ಷೇತ್ರಗಳಲ್ಲಿ, ಷರೀಫರ ಬೆಂಗಳೂರು ಉತ್ತರವೂ ಸೇರಿದಂತೆ, ಅದರ ಅಭ್ಯರ್ಥಿಗಳು ತಲಾ ಎರಡೂವರೆ ಲಕ್ಷಕ್ಕಿಂತ ಹೆಚ್ಚು ಮತಗಳಿಂದ ಸೋತರು. ಆ ಮೂವರ ಜಾತಿಯ ಹೆಸರು ಹಿಡಿದು, ಇನ್ನು ಇವರಿಗೆ ಟಿಕೆಟ್ ಕೊಡಬಾರದು ಎಂದವರು ಯಾರಾದರೂ ಇದ್ದರೆ ನಮಗೆ ತೋರಿಸಿ.