ಬೋಸ್ನಿಯಾಕ್ಕೆ ಹೋಗುವ ಮೊದಲು ಆದವಾನಿಯಲ್ಲೊಮ್ಮೆ ಕಾರು ನಿಲ್ಲಿಸಿ

ಕಳೆದ ವರ್ಷ ಬಕ್ರೀದ್ ರಜೆಯಲ್ಲಿ ದುಬೈಯಲ್ಲಿರುವ ನನ್ನ ಚಿಕ್ಕಪ್ಪನ ಮಗ ಹೆಂಡತಿ ಮಕ್ಕಳೊಂದಿಗೆ ಬೋಸ್ನಿಯಾಕ್ಕೆ ಹೋಗಿ ಬಂದ. ಸರಾಯೆವೊದಲ್ಲಿ ವಿಮಾನ ಇಳಿದು, ಅಲ್ಲೇ ಕಾರು ಬಾಡಿಗೆಗೆ ಹಿಡಿದು, ನೆರೆಟ್ವಾ ಹೊಳೆಯ ಬದಿಯ ರಸ್ತೆಯಲ್ಲಿ ಮೋಸ್ತಾರ್ ತನಕ ತಾನೇ ಓಡಿಸಿದ. ದಾರಿಯುದ್ದಕ್ಕೂ ವಿಡಿಯೋ ಕಳಿಸಿದ. ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮೂರು ದಿನ ಅದೇ ಮಾತು. ಹಸಿರು ನೀರು, ಕಲ್ಲಿನ ಸೇತುವೆ, ಹೊಳೆಯ ಬದಿಯಲ್ಲೇ ಮಸೀದಿಯ ಮಿನಾರ. ನಾನೂ ಮತ್ತೆ ಮತ್ತೆ ನೋಡಿದೆ. ಆ ಸೇತುವೆಯನ್ನು ಉಸ್ಮಾನಿಯಾ ತುರ್ಕರ ಕಾಲದಲ್ಲಿ, 1566ರಲ್ಲಿ ಕಟ್ಟಿ ಮುಗಿಸಿದರು. 1993ರ ನವೆಂಬರ್ 9ರಂದು ಯುದ್ಧದಲ್ಲಿ ಗುಂಡು ಹೊಡೆದು ಅದನ್ನು ಬೀಳಿಸಿದರು. 2004ರಲ್ಲಿ ಅದೇ ಮಾದರಿಯಲ್ಲಿ ಮತ್ತೆ ಕಟ್ಟಿ ನಿಲ್ಲಿಸಿದರು.

"ಕಾಕಾ, ಒಂದು ಸಲ ನೀವೂ ಬನ್ನಿ. ಎಲ್ಲ ಜಾತಿ ಧರ್ಮದವರು ಒಟ್ಟಿಗೆ ಬದುಕಿದ ಊರು ಹೇಗಿರುತ್ತದೆ ಅಂತ ನೋಡಬಹುದು" ಎಂದ ಅವನು.

ಅವನನ್ನು ಹೀಯಾಳಿಸಲು ನಾನು ಇದನ್ನು ಬರೆಯುತ್ತಿಲ್ಲ. ದುಡಿದ ಹಣದಲ್ಲಿ ಹೆಂಡತಿ ಮಕ್ಕಳಿಗೆ ಲೋಕ ತೋರಿಸುವುದು ಒಳ್ಳೆಯದೇ. ಗಲ್ಫ್‌ನಲ್ಲಿರುವ ನಮ್ಮವರಿಗೆ ಈಗ ಅಜರ್‌ಬೈಜಾನ್, ಜಾರ್ಜಿಯಾ, ಅಲ್ಬೇನಿಯಾ, ಬೋಸ್ನಿಯಾ ಎಲ್ಲವೂ ಒಂದು ರಜೆಯ ದೂರದಲ್ಲಿವೆ. ಆದರೆ ಅವನ ಮಾತು ಮಾತ್ರ ನನ್ನ ತಲೆಯಲ್ಲಿ ಉಳಿಯಿತು. ಒಟ್ಟಿಗೆ ಬದುಕಿದ ಊರು ನೋಡಲು ನಾವು ಅಷ್ಟು ದೂರ ಹೋಗಬೇಕೇ?

ಡಿಸೆಂಬರ್ ರಜೆಯಲ್ಲಿ ನಾನೂ ಕಾರು ತೆಗೆದೆ. ಉಪ್ಪ, ಹೆಂಡತಿ, ಹತ್ತು ವರ್ಷದ ಮಗ. ಹೋದದ್ದು ಆದವಾನಿಗೆ. ತೆಲುಗಿನವರು ಆದೋನಿ ಎನ್ನುತ್ತಾರೆ. ಆಂಧ್ರದ ಕರ್ನೂಲು ಜಿಲ್ಲೆಯ ಪಶ್ಚಿಮದ ತುದಿ, ಬಳ್ಳಾರಿಗೆ ತಾಗಿಕೊಂಡ ನಾಡು.

ಆದವಾನಿಯೇ ಯಾಕೆಂದರೆ, ಬಿ.ಸಿ. ರೋಡಿನಲ್ಲಿದ್ದ ಉಪ್ಪನ ದಿನಸಿ ಅಂಗಡಿಗೆ ಬರುತ್ತಿದ್ದ ಕಡಲೆ ಎಣ್ಣೆಯ ಟಿನ್ನಿನ ಮೇಲೆ ಆ ಊರಿನ ಹೆಸರಿತ್ತು. ಶಾಲೆ ಬಿಟ್ಟು ಬಂದು ಖಾಲಿ ಟಿನ್ನಿನ ಮೇಲೆ ಕುಳಿತು ನಾನು ಲೆಕ್ಕ ಬರೆಯುತ್ತಿದ್ದೆ. ಆದೋನಿ ಎಲ್ಲಿದೆ ಎಂದು ಕೇಳಿದರೆ ಉಪ್ಪ "ಬಳ್ಳಾರಿ ಕಳೆದು ಎಲ್ಲೋ" ಎನ್ನುತ್ತಿದ್ದರು. ಮೂವತ್ತು ವರ್ಷ ಆ ಎಣ್ಣೆ ಮಾರಿದವರು ಆ ಊರು ನೋಡಿರಲಿಲ್ಲ.

ಬೆಳಗ್ಗೆ ಸುಬಹಿ ಮುಗಿಸಿ ಹೊರಟು, ಚಾರ್ಮಾಡಿ ಹತ್ತಿ, ಚಿಕ್ಕಮಗಳೂರು, ಚಿತ್ರದುರ್ಗ, ಚಳ್ಳಕೆರೆ ದಾಟಿ ರಾತ್ರಿ ಬಳ್ಳಾರಿಯಲ್ಲಿ ತಂಗಿದೆವು. ಮರುದಿನ ಹಗರಿಯಲ್ಲಿ 167ನೇ ರಾಷ್ಟ್ರೀಯ ಹೆದ್ದಾರಿ ಹಿಡಿದೆವು. ಅದು ಆಲೂರು, ಆದವಾನಿ, ಯಮ್ಮಿಗನೂರು ಮೂಲಕ ರಾಯಚೂರಿನ ಕಡೆಗೆ ಹೋಗುತ್ತದೆ. ಎರಡೂ ಬದಿ ಎರೆಭೂಮಿ, ಹತ್ತಿ ಹೊಲ. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವನಾದ್ದರಿಂದ ಓಡಿಸುವವರಿಗೆ ಒಂದು ಮಾತು: ಈ ಕರಿಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಮೇಲಿನ ಡಾಂಬರು ಎಷ್ಟು ಚೆನ್ನಾಗಿ ಕಂಡರೂ ರಸ್ತೆ ಅಲೆಯ ಹಾಗೆ ಏರಿಳಿಯುತ್ತದೆ. 60ಕ್ಕಿಂತ ಜೋರಾಗಿ ಹೋದರೆ ಹಿಂದಿನ ಸೀಟಿನಲ್ಲಿ ಕುಳಿತ ಹಿರಿಯರ ಸೊಂಟ ಕೇಳುತ್ತದೆ.

ಆಲೂರು ಹತ್ತಿರ ಟಯರು ಪಂಕ್ಚರ್ ಆಯಿತು. ಅಂಗಡಿಯವನು ನಮ್ಮ ನಂಬರ್ ಪ್ಲೇಟ್ ನೋಡಿ ಕನ್ನಡದಲ್ಲೇ ಮಾತಾಡಿದ. ಏಳನೆಯ ತನಕ ಕನ್ನಡ ಶಾಲೆಯಲ್ಲಿ ಓದಿದವನಂತೆ. "ನಮ್ ತಾತ ಬಳ್ಳಾರಿ ಜಿಲ್ಲೆನಾಗ ಹುಟ್ಟಿದ್ರು ಸಾರ್, ನಾನು ಕರ್ನೂಲು ಜಿಲ್ಲೆನಾಗ ಹುಟ್ಟೀನಿ. ಮನಿ ಮಾತ್ರ ಅದೇ ಮನಿ" ಎಂದು ನಕ್ಕ.

ಅವನ ಮಾತು ನೂರಕ್ಕೆ ನೂರು ನಿಜ. ಮದ್ರಾಸ್ ಪ್ರಾಂತ್ಯದ ಕಾಲದಲ್ಲಿ ಆದವಾನಿ ಬಳ್ಳಾರಿ ಜಿಲ್ಲೆಯ ತಾಲೂಕು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಬಳ್ಳಾರಿ ಜಿಲ್ಲೆಯನ್ನು ಹಂಚಿದರು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು, ಬಳ್ಳಾರಿ ಮೈಸೂರಿಗೆ ಬಂತು. ಇದು ನಮಗೆ ಅರ್ಥವಾಗದ ವಿಷಯವಲ್ಲ. ಮೂರು ವರ್ಷ ಕಳೆದು ಕಾಸರಗೋಡು ಕೇರಳಕ್ಕೆ ಹೋಯಿತು. ತಲಪಾಡಿಯ ಆಚೆ ಉಪ್ಪಳದಲ್ಲಿ, ಮಂಜೇಶ್ವರದಲ್ಲಿ ಸಂಬಂಧಿಕರಿಲ್ಲದ ಬ್ಯಾರಿ ಕುಟುಂಬ ಎಷ್ಟಿದೆ? ಗಡಿ ದಾಟಿದ ಕೂಡಲೇ ಜನ ಬೇರೆಯಾಗುವುದಿಲ್ಲ ಎಂದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಆದವಾನಿಯಲ್ಲಿ ಉಗ್ಗಾಣಿ, ಮೆಣಸಿನಕಾಯಿ ಬಜ್ಜಿ ತಿಂದು ಮೊದಲು ಹೋದದ್ದು ಮಾರ್ಕೆಟ್ ಯಾರ್ಡಿಗೆ, ಉಪ್ಪನ ಆಸೆಗೆ. ಹತ್ತಿಯ ಕಾಲ. ಒಂದು ಕಡೆ ಹತ್ತಿಯ ರಾಶಿ, ಇನ್ನೊಂದು ಕಡೆ ಶೇಂಗಾ. ಉಪ್ಪ ನಾಲ್ಕು ಶೇಂಗಾ ಸುಲಿದು ಬಾಯಿಗೆ ಹಾಕಿ, ದಲ್ಲಾಳಿಯೊಡನೆ ರೇಟು ಮಾತಾಡಿದರು. ಅಂಗಡಿ ಮುಚ್ಚಿ ಐದು ವರ್ಷ ಆಗಿದೆ. ಖರೀದಿಸಲು ಏನೂ ಇಲ್ಲ. ಆದರೂ ಅರ್ಧ ಗಂಟೆ ಮಾತಾಡಿದರು. ನಾನು ತಡೆಯಲಿಲ್ಲ. ಸ್ವಂತ ಕಾರಿನಲ್ಲಿ ಹೋಗುವುದರ ಲಾಭ ಇದೇ. ಟೂರ್ ಬಸ್ಸಿನವನು ಶೇಂಗಾ ರಾಶಿಯ ಹತ್ತಿರ ನಿಲ್ಲಿಸುವುದಿಲ್ಲ.

ಊರಿನ ಬೆನ್ನಿಗೇ ಬಂಡೆಗಳ ಗುಡ್ಡ, ಅದರ ಮೇಲೆ ಕೋಟೆ. ಮಗನೂ ನಾನೂ ಸ್ವಲ್ಪ ದೂರ ಹತ್ತಿದೆವು. ವಿಜಯನಗರದವರ ಕೋಟೆ ಅದು. 1565ರ ತಾಳಿಕೋಟೆ ಯುದ್ಧದ ನಂತರ ಬಿಜಾಪುರದ ಆದಿಲ್ ಶಾಹಿಗಳ ಕೈಸೇರಿತು. ಆ ಯುದ್ಧದ ಮರುವರ್ಷವೇ ಮೋಸ್ತಾರಿನ ಸೇತುವೆ ಮುಗಿದದ್ದು ಎಂದು ಮಗನಿಗೆ ಹೇಳಿದೆ. ಮುಂದೆ ಮೊಗಲರು, ನಿಜಾಮರು. 1786ರಲ್ಲಿ ಟಿಪ್ಪು ಸುಲ್ತಾನ್ ಗೆದ್ದು ಕೋಟೆಯ ಗೋಡೆಗಳನ್ನು ಕೆಡವಿಸಿದ.

ಕೆಳಗೆ ಊರಿನೊಳಗೆ ಶಾಹಿ ಜಾಮಿಯಾ ಮಸೀದಿ. ಕಟ್ಟಿಸಿದವನು ಸಿದ್ದಿ ಮಸೂದ್ ಖಾನ್, 17ನೇ ಶತಮಾನದ ಉತ್ತರಾರ್ಧದಲ್ಲಿ ಆದವಾನಿಯನ್ನು ಆಳಿದ ಬಿಜಾಪುರದ ಸರದಾರ. ಸಿದ್ದಿ ಎಂದರೆ ಆಫ್ರಿಕಾ ಮೂಲದವನು. ಯಲ್ಲಾಪುರದ ಕಾಡಿನಂಚಿನಲ್ಲಿ ಕೂಲಿ ಮಾಡುವ ಸಿದ್ದಿಗಳನ್ನು ಮಾತ್ರ ಕಂಡ ನಮಗೆ, ಅದೇ ಮೂಲದವನೊಬ್ಬ ಬಿಜಾಪುರದ ಆಡಳಿತವನ್ನೇ ನಡೆಸಿದ್ದ ಎಂದರೆ ಆಶ್ಚರ್ಯ ಆಗುತ್ತದೆ. 1688ರಲ್ಲಿ ಔರಂಗಜೇಬನ ಸೈನ್ಯ ಆದವಾನಿಗೆ ಮುತ್ತಿಗೆ ಹಾಕಿತು. ಫಿರಂಗಿಗಳನ್ನು ಮಸೀದಿಯ ಕಡೆ ತಿರುಗಿಸಿದ್ದನ್ನು ಕಂಡು, ಮಸೀದಿ ಉಳಿದರೆ ಸಾಕು ಎಂದು ಮಸೂದ್ ಖಾನ್ ಕೋಟೆಯನ್ನೇ ಬಿಟ್ಟುಕೊಟ್ಟ ಎಂಬುದು ಅಲ್ಲಿನ ಕತೆ. ಲುಹರ್ ನಮಾಝ್ ಮುಗಿಸಿ ಉಪ್ಪ ಅಂಗಳದಲ್ಲಿ ಬಹಳ ಹೊತ್ತು ಕುಳಿತರು. ಕಮಾನುಗಳನ್ನು ನೋಡುತ್ತಾ "ನಮ್ಮವರು ಯಾರೂ ಇದರ ಬಗ್ಗೆ ಹೇಳಲೇ ಇಲ್ಲವಲ್ಲ" ಎಂದರು.

ಈಗ ನಾನು ಹೇಳಬೇಕಾದ ಮಾತಿಗೆ ಬರುತ್ತೇನೆ. ಆದವಾನಿಯಿಂದ ಯಮ್ಮಿಗನೂರಿನ ಮೇಲೆ ಹೋದರೆ ಒಂದು ಗಂಟೆಯ ಸುಮಾರಿಗೆ ತುಂಗಭದ್ರೆಯ ದಡದ ಮಂತ್ರಾಲಯ. ಅದರ ಹಳೆಯ ಹೆಸರು ಮಂಚಾಲೆ. ರಾಘವೇಂದ್ರ ಸ್ವಾಮಿಗಳು 1671ರಲ್ಲಿ ಅಲ್ಲಿ ಬೃಂದಾವನ ಪ್ರವೇಶ ಮಾಡಿದರು. ಆ ಊರನ್ನು ಸ್ವಾಮಿಗಳಿಗೆ ಬಿಟ್ಟುಕೊಟ್ಟವನು ಇದೇ ಆದವಾನಿಯ ನವಾಬ ಸಿದ್ದಿ ಮಸೂದ್ ಖಾನ್ ಎಂದು ಮಠದ ಪರಂಪರೆಯೇ ಹೇಳುತ್ತದೆ. ಸ್ವಾಮಿಗಳನ್ನು ಪರೀಕ್ಷಿಸಲು ಹೋಗಿ ನವಾಬ ಸೋತ, ಫಲವತ್ತಾದ ಊರುಗಳನ್ನು ಕೊಡಲು ಬಂದ, ಅವರು ಅದನ್ನು ಬಿಟ್ಟು ಬರಡು ಮಂಚಾಲೆಯನ್ನೇ ಕೇಳಿದರು ಎಂಬ ಕತೆಯನ್ನು ಭಕ್ತರೇ ಭಕ್ತಿಯಿಂದ ಹೇಳುತ್ತಾರೆ. ನಾನು ಮರೆಮಾಚಿದ್ದನ್ನು ಹುಡುಕಿ ತೆಗೆದದ್ದಲ್ಲ.

ಆದರೂ ಯಮ್ಮಿಗನೂರು ದಾಟಿದ ಮೇಲೆ ಕಾರಿನಲ್ಲಿ ಎಲ್ಲರೂ ಸುಮ್ಮನಾದರು. "ನಾವು ಅಲ್ಲಿಗೆ ಹೋಗುವುದು ಸರಿಯಾ?" ಎಂದಳು ಹೆಂಡತಿ. ಅವಳ ಕೈ ತಲೆಯ ಶಾಲಿನ ಮೇಲಿತ್ತು. ಉಪ್ಪ "ಬೇಡ, ತಿರುಗಿಸು" ಎಂದರು. ಇದೇ ಉಪ್ಪ ಬಿ.ಸಿ. ರೋಡಿನಲ್ಲಿ ಎಲ್ಲ ಜಾತಿಯವರಿಗೂ ಸಾಲ ಕೊಟ್ಟು, ಊರಿನ ಜಾತ್ರೆಗೆ ವರ್ಷವೂ ಅಕ್ಕಿ ಬೆಲ್ಲ ಕಳಿಸಿದವರು. ಅವರ ಬಾಯಿಯಿಂದ ಈ ಮಾತು ಬಂದದ್ದು ನನಗೆ ನೋವಾಯಿತು. ಹೆದರಿಕೆಗೆ ಕಾರಣವಿಲ್ಲ ಎಂದು ನಾನು ಹೇಳುವುದಿಲ್ಲ. ಕರಾವಳಿಯಲ್ಲಿ ನಾವು ಕಂಡದ್ದು, ಕೇಳಿದ್ದು ಕಡಿಮೆಯೇನಲ್ಲ. ಆದರೆ ಭಾಷೆ ಗೊತ್ತಿಲ್ಲದ ಬೋಸ್ನಿಯಾದಲ್ಲಿ ನಿರಾಳವಾಗಿ ಕಾರು ಓಡಿಸುವ ನಾವು, ಕನ್ನಡದಲ್ಲೇ ದಾರಿ ಕೇಳಬಹುದಾದ ಊರಿನ ಮುಂದೆ ತಿರುಗಿಸೋಣ ಎನ್ನುತ್ತೇವೆಂದರೆ, ನಮ್ಮೊಳಗೆ ಏನೋ ಮುರಿದಿದೆ.

ತಿರುಗಿಸಲಿಲ್ಲ. ಕಾರು ಪಾರ್ಕಿಂಗಿನಲ್ಲಿ ಹಾಕಿ ಹೊಳೆಯ ದಡಕ್ಕೆ ನಡೆದೆವು. ಮಠದ ಒಳಗೆ ಹೋಗಲಿಲ್ಲ. ಅದು ಅವರ ಆರಾಧನೆಯ ಜಾಗ, ನಾವು ನೋಡಲು ಬಂದವರು. ಸ್ನಾನಘಟ್ಟದಲ್ಲಿ ಹಾವೇರಿ ಕಡೆಯ ಅಜ್ಜಿಯೊಬ್ಬರು ನನ್ನ ಹೆಂಡತಿಯ ಕೈಗೆ ತಮ್ಮ ಚೀಲ ಕೊಟ್ಟು "ಸ್ವಲ್ಪ ಹಿಡ್ಕೋ ಮಗಳ, ಮುಳುಗಿ ಬರ್ತೀನಿ" ಎಂದು ನೀರಿಗೆ ಇಳಿದರು. ಚೀಲದಲ್ಲಿ ಹಣ, ಫೋನು, ಔಷಧಿ ಎಲ್ಲ ಇತ್ತು. ಅಷ್ಟೇ ನಡೆದದ್ದು. ಇದರಿಂದ ದೇಶ ಬದಲಾಯಿತು ಎಂದು ನಾನು ಹೇಳುವುದಿಲ್ಲ. ಆದರೆ ವಾಪಸು ಬರುವಾಗ ಕಾರಿನಲ್ಲಿ ಮೊದಲು ಮಾತಾಡಿದವರು ಉಪ್ಪ. "ಆ ಅಜ್ಜಿಗೆ ಆದವಾನಿಯ ಮಸೀದಿಯ ವಿಷಯ ಹೇಳಬೇಕಿತ್ತು" ಎಂದರು.

ನಷ್ಟ ಎರಡೂ ಕಡೆಯದು. ಕರ್ನಾಟಕದಿಂದ ಮಂತ್ರಾಲಯಕ್ಕೆ ಬಸ್ಸುಗಟ್ಟಲೆ ಜನ ಹೋಗುತ್ತಾರೆ. ಭೂಮಿ ಕೊಟ್ಟವನ ಊರು ಅಷ್ಟು ಹತ್ತಿರವಿದ್ದರೂ ಅಲ್ಲಿ ಇಳಿದು ನೋಡುವವರು ಎಷ್ಟು ಮಂದಿ? ನಮ್ಮವರಂತೂ ಮಂತ್ರಾಲಯಕ್ಕೂ ಹೋಗುವುದಿಲ್ಲ, ಆದವಾನಿಗೂ ಹೋಗುವುದಿಲ್ಲ. ಅರ್ಧ ಕತೆ ಅವರ ಹತ್ತಿರ, ಅರ್ಧ ಕತೆ ಊರಿನೊಳಗಿನ ಮಸೀದಿಯ ಹತ್ತಿರ.

ಮಸೂದ್ ಖಾನ್‌ನನ್ನು ನಾನು ಸಂತನನ್ನಾಗಿ ಮಾಡುತ್ತಿಲ್ಲ. ಅವನು ರಾಜಕಾರಣಿ, ಬಿಜಾಪುರದಲ್ಲಿ ಅಧಿಕಾರಕ್ಕಾಗಿ ಹೊಡೆದಾಡಿದವನು. ಅರಸರು ಭೂಮಿ ಕೊಡುವುದರಲ್ಲಿ ಭಕ್ತಿ ಎಷ್ಟು, ಲೆಕ್ಕಾಚಾರ ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ಆದರೆ ಒಂದೂರಿನಲ್ಲಿ ಮಸೀದಿ ಕಟ್ಟಿಸಿ, ಇನ್ನೊಂದೂರನ್ನು ಸ್ವಾಮಿಗಳಿಗೆ ಕೊಡುವುದು ಅವನ ಕಾಲದಲ್ಲಿ ನಡೆಯುವಂಥ ಸಂಗತಿಯಾಗಿತ್ತು, ಅಷ್ಟು ಸಾಕು ನನಗೆ.

ಮೂರನೆಯ ದಿನ ಪತ್ತಿಕೊಂಡ ದಾರಿಯಾಗಿ ಎರ್ರಗುಡಿಗೆ ಹೋದೆವು. ಬಂಡೆಗಳ ಮೇಲೆ ಅಶೋಕನ ಶಾಸನ, ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಳೆಯದು. ಒಂದು ಶಾಸನದಲ್ಲಿ ಕೆಲವು ಸಾಲು ಎಡದಿಂದ ಬಲಕ್ಕೆ, ಕೆಲವು ಬಲದಿಂದ ಎಡಕ್ಕೆ, ಹೊಲದಲ್ಲಿ ಎತ್ತು ತಿರುಗಿದ ಹಾಗೆ. ಅಲ್ಲಿರುವ 14 ದೊಡ್ಡ ಶಾಸನಗಳಲ್ಲಿ 12ನೆಯದರ ತಾತ್ಪರ್ಯ ಇಷ್ಟು: ತನ್ನ ಪಂಥವನ್ನು ಹೊಗಳಲು ಇತರರ ಪಂಥವನ್ನು ಹಳಿಯುವವನು ತನ್ನ ಪಂಥಕ್ಕೇ ಹಾನಿ ಮಾಡುತ್ತಾನೆ. ಮಗ ಅದನ್ನು ಎರಡು ಸಲ ಹೇಳಿಸಿಕೊಂಡ. ಅಲ್ಲಿಂದ ಗುತ್ತಿ, ಗುಂತಕಲ್ಲು ಮೇಲೆ ಮತ್ತೆ ಬಳ್ಳಾರಿ.

ಊರಿಗೆ ಬಂದು ಫೋಟೋ ಕಳಿಸಿದಾಗ ತಮ್ಮ ಕೇಳಿದ: "ಅಲ್ಲಿ ನೋಡಲು ಏನುಂಟು ಕಾಕಾ? ಬಿಸಿಲು, ಧೂಳು." ಅವನ ಮಾತೂ ಸುಳ್ಳಲ್ಲ. ನೆರೆಟ್ವಾದ ಹಸಿರು ನೀರು ಅಲ್ಲಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಹೋದರೆ ಬೇಯುತ್ತೀರಿ. ರಸ್ತೆ ಬದಿ ದಾರಿ ತೋರಿಸುವ ಫಲಕಗಳೂ ಕಡಿಮೆ. ಆದರೆ ಮೋಸ್ತಾರಿನಲ್ಲಿ ಅವನು ಕಂಡದ್ದು ಒಮ್ಮೆ ಒಡೆದು ಮತ್ತೆ ಕಟ್ಟಿದ ಸೇತುವೆ. ಒಡೆದ ಮೇಲೆ ಕಟ್ಟಲು ಅವರಿಗೆ ಹನ್ನೊಂದು ವರ್ಷ ಬೇಕಾಯಿತು. ನಮ್ಮದು ಇನ್ನೂ ಪೂರ್ತಿ ಒಡೆದಿಲ್ಲ. ಅದರ ಮೇಲೆ ನಡೆಯುವವರು ಕಡಿಮೆಯಾಗಿದ್ದಾರೆ, ಅಷ್ಟೇ.

ಬೋಸ್ನಿಯಾಕ್ಕೂ ಹೋಗಿ. ಆದರೆ ಊರಿಗೆ ರಜೆಗೆ ಬಂದಾಗ ನಾಲ್ಕು ದಿನ ತೆಗೆದಿಡಿ. ಟಯರಿನ ಗಾಳಿ ನೋಡಿ, ಕೂಲೆಂಟ್ ನೋಡಿ, ಮನೆಯ ಹಿರಿಯರೊಬ್ಬರನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಹೊರಡಿ. ಪಕ್ಕದ ಮನೆಯವರು ಮಂತ್ರಾಲಯಕ್ಕೆ ಹೊರಟಿದ್ದರೆ ದಾರಿಯಲ್ಲಿ ಆದವಾನಿಯ ಮಸೀದಿಯನ್ನೂ ನೋಡಿ ಬನ್ನಿ ಎಂದು ಹೇಳಿ. ಆ ಅಜ್ಜಿಗೆ ಹೇಳದೆ ಬಂದೆವು ಎಂಬ ಬೇಸರ ಉಪ್ಪನಿಗೆ ಇನ್ನೂ ಹೋಗಿಲ್ಲ.